ಪೆಟ್ರೋಲಿನ ಪೆಟ್ಟಿಗೆಯಲ್ಲಿ ಕೂತ ತುಪ್ಪ

ಮೋಟಾರಿನಲ್ಲಿ ಹೆಚ್ಚಿನ ಪೆಟ್ರೋಲನ್ನು ಹೇಗೆ ಒಯ್ಯಬೇಕು ಎಂಬ ವಿಷಯದಲ್ಲಿ ಚಳ್ಳಕೆರೆ ಸೀಮೆಯಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಈ ವಿದ್ಯೆಯನ್ನು ನಾನು ಒಂದೇ ಹಗಲಿನಲ್ಲಿ ಕಲಿತೆ. ಗುರುದಕ್ಷಿಣೆ ಕೊಟ್ಟವರು ಮಾತ್ರ ನಮ್ಮ ಭಾವ.

ಆಗ ನಾನು ಚಳ್ಳಕೆರೆಯ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅಂದರೆ ಬಣ್ಣದ ನೀರನ್ನು ಸೀಸೆಗೆ ತುಂಬಿ, ಕುಡಿಯುವ ಮೊದಲು ಚೆನ್ನಾಗಿ ಅಲುಗಾಡಿಸತಕ್ಕದ್ದು ಎಂದು ಗಂಭೀರವಾಗಿ ಅಪ್ಪಣೆ ಕೊಡಿಸುವ ಹುದ್ದೆ. ನಮ್ಮದು ನೇಕಾರರ ಕುಲ. ಅಪ್ಪ ಮಗ್ಗ ಬಿಟ್ಟು ಎತ್ತಿನ ಗಾಡಿ ಹೂಡಿ, ಊರಿಂದೂರಿಗೆ ನೂಲು ಸಾಗಿಸುತ್ತಿದ್ದರು. ಅಕ್ಕನನ್ನು ಮಾತ್ರ ಮೊಳಕಾಲ್ಮೂರಿನಲ್ಲಿ ಮಗ್ಗ ಬಿಡದವರ ಮನೆಗೆ ಕೊಟ್ಟಿದ್ದೆವು. ಭಾವ ರೇಷ್ಮೆ ಸೀರೆಯ ಅಂಚು ನೇಯ್ದರೆ ಬೇರೆ ನೇಕಾರರು ಬಂದು ನಿಂತು ನೋಡುತ್ತಿದ್ದರು. ಆ ಮನೆ ನಿಂತಿದ್ದದ್ದು ಅವರ ಬಲಗೈಯ ಮೇಲೆ.

ಒಂದು ಬೆಳಗ್ಗೆ, ಹಿಂದಿನ ದಿನವೇ ಮೊಳಕಾಲ್ಮೂರು ಬಿಟ್ಟ ಗಾಡಿಯವನೊಬ್ಬ ಆಸ್ಪತ್ರೆಯ ಜಗಲಿಗೆ ಬಂದ.

"ನಿಮ್ಮ ಭಾವನೋರ ಬಲಗೈ ಬಾತು ಕುಂಬಳಕಾಯಿ ಆಗೈತ್ರಿ. ಮಗ್ಗದ ಬಿದಿರಿನ ಸಿಬಿರು ಹೆಬ್ಬೆಟ್ಟಿಗೆ ಹೊಕ್ಕು ಆರು ದಿನಾತು. ಮುಟ್ಟಿದ್ರೂ ಕೂಗ್ತಾರೆ, ಮುಟ್ಟದಿದ್ರೂ ಕೂಗ್ತಾರೆ."

ಒಳಗಿದ್ದ ಡಾಕ್ಟರು ಹೊರಗೆ ಬಂದರು. "ಕೆಂಪು ಗೆರೆ ಮೇಲಕ್ಕೆ ಹತ್ತಿದೆಯೇನಯ್ಯಾ?"

"ಮಣಿಕಟ್ಟಿನ ತನಕ ಬಂದೈತ್ರಿ."

ಮೊಳಕಾಲ್ಮೂರಿನ ಡಾಕ್ಟರು ರಜೆಯ ಮೇಲಿದ್ದರು. ನಮ್ಮ ಡಾಕ್ಟರು ಜೇಬಿನಿಂದ ಗಡಿಯಾರ ತೆಗೆದು ನೋಡಿ ನನ್ನ ಕಡೆ ತಿರುಗಿದರು. "ಮಧ್ಯಾಹ್ನದೊಳಗೆ ಕೊಯ್ದು ಕೀವು ತೆಗೆದರೆ ಹೆಬ್ಬೆರಳು ಉಳಿಯುತ್ತೆ. ಸಂಜೆಯಾದರೆ ಕೈ ಉಳಿಸೋದಕ್ಕೋಸ್ಕರ ಬೆರಳು ತೆಗೀಬೇಕಾಗುತ್ತೆ. ಹೊರಡಿಸು ಮೋಟಾರು."

ಆ ಮೋಟಾರು ಡಾಕ್ಟರರ ಸ್ವಂತದ್ದು. ಚಕ್ರ ಎತ್ತರ, ಸದ್ದು ಅದಕ್ಕಿಂತ ಎತ್ತರ. ಅದನ್ನು ನಡೆಸುತ್ತಿದ್ದ ಡ್ರೈವರ್ ಬಳ್ಳಾರಿಯ ದಂಡಿನಲ್ಲಿ ಕಲಿತು ಬಂದವನು. ಪೆಟ್ರೋಲು ದೂರದ ರೈಲು ಸ್ಟೇಷನ್ನಿನಿಂದ ಗಾಡಿಯ ಮೇಲೆ ಡಬ್ಬಿಗಳಲ್ಲಿ ಬರಬೇಕು. ಅವತ್ತು ಮೋಟಾರಿನ ಹೊಟ್ಟೆಯಲ್ಲಿದ್ದದ್ದು ನಡುದಾರಿಯ ಊರು ತಳಕು ದಾಟುವಷ್ಟು. ಮುಂದಕ್ಕೆಲ್ಲ ಒಂದೇ ಒಂದು ಡಬ್ಬಿ. ಆ ಡಬ್ಬಿ ನೆಟ್ಟಗೆ ನಿಲ್ಲಲೆಂದು ಡ್ರೈವರ್ ಮೋಟಾರಿನ ಮೆಟ್ಟಿಲ ಮೇಲೆ ಒಂದು ಮರದ ಪೆಟ್ಟಿಗೆ ಕೂರಿಸಿ, ಒಳಗೆ ಹುಲ್ಲು ಹಾಸಿ, ತೊಗಲಿನ ಪಟ್ಟಿ ಹೊಡೆದಿದ್ದ. ಡಬ್ಬಿಗೆ ಸಿಂಹಾಸನವೇ ಸರಿ.

ಸುದ್ದಿ ಕೇಳಿದ ಅವ್ವ ಆಗತಾನೆ ಕಾಯಿಸಿದ ತುಪ್ಪವನ್ನು ಗಡಿಗೆಗೆ ಹುಯ್ದು, ಬಾಯಿಗೆ ಎಲೆ ಕಟ್ಟಿ ತಂದಳು. "ಬ್ಯಾನೆ ಮನುಷ್ಯಗೆ ಬಿಸಿ ಅನ್ನಕ್ಕೆ ಹಾಕಿ ಉಣ್ಣಿಸು ಅನ್ನು ನಿಮ್ಮಕ್ಕಗೆ. ದಾರ್‍ಯಾಗ ಚೆಲ್ಲಿದ್ಯೋ, ಮನಿ ಮೆಟ್ಟಿಲು ಹತ್ತಬ್ಯಾಡ."

ನೆಟ್ಟಗೆ ನಿಲ್ಲುವ ಜಾಗ ಆ ವಾಹನದಲ್ಲಿ ಒಂದೇ ಇತ್ತು. ನಾನು ಡಬ್ಬಿಯನ್ನು ಇಳಿಸಿ ತುಪ್ಪಕ್ಕೆ ಪಟ್ಟಾಭಿಷೇಕ ಮಾಡಿದೆ.

ಡ್ರೈವರ್ ನೋಡಿದ. "ಏನ್ರೀ ಕಾಂಪೌಂಡ್ರೇ, ಡಬ್ಬಿ ತಲಿ ಮ್ಯಾಲೆ ಹೊತ್ಕಂಡು ಬರ್ತೀರಾ?"

"ಕೆಳಗೆ ಕಟ್ಟಪ್ಪಾ. ಕೀಲೆಣ್ಣೆ ಎಲ್ಲಿ ಕಟ್ತಾರೆ?"

ಈ ಮಾತಿನ ಹಿಂದೆ ನಮ್ಮ ಮನೆತನದ ಜ್ಞಾನವೆಲ್ಲ ಇತ್ತು. ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಹರಳೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ, ಬಾಯಿಗೆ ಬಟ್ಟೆ ತುರುಕಿ, ಗಾಡಿಯ ಹೊಟ್ಟೆಯ ಕೆಳಗೆ ತೂಗುಬಿಡುತ್ತಾರೆ. ಅಪ್ಪ ಮೂವತ್ತು ವರ್ಷ ಹಾಗೆ ಮಾಡಿದ್ದರು. ಗಾಡಿಗೆ ಬೇಕಾದ ಎಣ್ಣೆ ಇರಬೇಕಾದ ಜಾಗ ಗಾಡಿಯ ಕೆಳಗೆ ಎಂಬುದರಲ್ಲಿ ನನಗೆ ಲವಲೇಶ ಅನುಮಾನವಿರಲಿಲ್ಲ.

"ಇದು ಹರಳೆಣ್ಣೆ ಅಲ್ರೀ. ಇದಕ್ಕೆ ಸಿಟ್ಟು ಬರ್ತೈತೆ."

"ಎಣ್ಣೆ ಎಣ್ಣೇನೇ. ಅಲ್ಲಿ ನಮ್ಮ ಭಾವನ ಕೈ ಕೊಳೀತಾ ಐತೆ, ನೀನು ಇಲ್ಲಿ ಪಾಠ ಹೇಳಬ್ಯಾಡ."

ಆಮೇಲೆ ಅವನು ಕಟ್ಟುವುದಕ್ಕೆ ಬರಲಿಲ್ಲ; ಇಂಜಿನ್ನಿನ ಕಡೆ ಹೋದ. ಡಬ್ಬಿಯ ಮುಚ್ಚಳದ ತೊಗಲಿನ ಉಂಗುರ ಎಲ್ಲೋ ಬಿದ್ದುಹೋಗಿತ್ತು, ಮುಚ್ಚಳ ಬಿಗಿಯಾಗಲಿಲ್ಲ. ಗೊಟ್ಟಕ್ಕೆ ಮಾಡುವ ಹಾಗೆ ಹಳೆ ಪಂಚೆಯ ತುಂಡೊಂದನ್ನು ಬಾಯಿಗೆ ತುರುಕಿ, ಹಗ್ಗ ಹಾಕಿ, ಡಬ್ಬಿಯನ್ನು ಮೋಟಾರಿನ ಕೆಳಗೆ ನಾನೇ ಕಟ್ಟಿದೆ. ಬಟ್ಟೆಯ ಬಾಲ ಒಂದು ಗೇಣು ಜೋತಾಡುತ್ತಿತ್ತು. ನೋಡಲು ಲಕ್ಷಣವಾಗಿಯೇ ಇತ್ತು.

ತಳಕಿನ ರಸ್ತೆಗೆ ಜಲ್ಲಿ ಸುರಿದು ಹಾಗೇ ಬಿಟ್ಟಿದ್ದರು. ಆದ್ದರಿಂದ ದೊಡ್ಡಉಳ್ಳಾರ್ತಿಯ ಕಡೆ ಇಳಿದು ಕಾವಲಿನ ಹುಲ್ಲಿನಲ್ಲೇ ಹೋಗಬೇಕಾಯಿತು. ಕುರಿಗಳು ಚೆದುರಿದವು, ಕುರಿಯವರು ಬೈದರು. ಕಲ್ಲು, ಕೊರಕಲು, ಹುತ್ತ ಒಂದನ್ನೂ ಬಿಡದೆ ಮೋಟಾರು ಎಲ್ಲದಕ್ಕೂ ನಮಸ್ಕಾರ ಮಾಡುತ್ತ ನಡೆಯಿತು. ಕೆಳಗೆ ಡಬ್ಬಿ ಡಣ್ ಡಣ್ ಎನ್ನುತ್ತಿತ್ತು. ಬಿದ್ದಿಲ್ಲವಲ್ಲ ಎಂದು ಆ ಸದ್ದಿನಿಂದ ನನಗೆ ಸಮಾಧಾನ. ಕೈ ಮಾತ್ರ ಪೆಟ್ಟಿಗೆಯ ಪಟ್ಟಿಯ ಮೇಲೆ, ತುಪ್ಪ ಕಾಯುತ್ತ.

"ವಾಸನೆ ಜಾಸ್ತಿಯಾಗಿಲ್ಲವೇನಯ್ಯಾ?" ಎಂದರು ಡಾಕ್ಟರು.

"ಮೋಟಾರಿನ ಗುಣವೇ ಅದಲ್ಲವೇ ಸ್ವಾಮಿ" ಎಂದೆ.

ತಳಕಿನಲ್ಲಿ ಇಂಜಿನ್ನಿಗೆ ನೀರು ಹಾಕಲು ನಿಂತೆವು. ಜನ ಸೇರಿತು. ಒಬ್ಬ ಮುದುಕಿ, ಇಷ್ಟು ದೊಡ್ಡ ಗಾಡಿಗೆ ಎಷ್ಟು ಕಣ್ಣು ಬಿದ್ದಿದೆಯೋ ಎಂಬ ಕನಿಕರದಿಂದ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಬಂದಳು. ಮುಂದಕ್ಕೊಂದು ಸುತ್ತು ನಿವಾಳಿಸಿ, ಗಾಲಿಗೆ ತೋರಿಸಲು ಬಗ್ಗಿದಳು. ಅಷ್ಟರಲ್ಲಿ ಕೆಳಗಿನ ಮಣ್ಣು ಒದ್ದೆಯಾಗಿದ್ದದ್ದು ಡ್ರೈವರನ ಕಣ್ಣಿಗೆ ಬಿತ್ತು. ಬಿಂದಿಗೆ ಎಸೆದು ಓಡಿಬಂದವನೇ ಉರಿಯುವ ಕರ್ಪೂರವನ್ನು ಅಂಗೈಯಿಂದ ಅದುಮಿ ಆರಿಸಿಬಿಟ್ಟ.

"ಅಯ್ಯೋ ಮೂಳಾ! ದೃಷ್ಟಿ ತೆಗೆಯಾಕೆ ಬಂದ್ರೆ ಕೈಯಾಗ ಆರಿಸ್ತೀಯಾ? ಒಳ್ಳೇದಾಗ್ತೈತೇನೋ ನಿನಗೆ?"

"ಅವ್ವಾ, ನೀನು ತೆಗೆಯೋ ದೃಷ್ಟಿಗೆ ತಳಕೇ ಸುಟ್ಟುಹೋಗ್ತಿತ್ತು, ದೂರ ಸರಿಯವ್ವಾ."

ಬಗ್ಗಿ ನೋಡಿದೆ. ಜೋಲಿ ಹೊಡೆದು ಹೊಡೆದು ಡಬ್ಬಿ ಓರೆಯಾಗಿತ್ತು. ತುರುಕಿದ ಬಟ್ಟೆ ದಾರಿಯುದ್ದಕ್ಕೂ ಪೆಟ್ರೋಲು ಹೀರಿ, ಬಾಲದ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅಲ್ಲಿಂದ ಒಂದು ಗೇಣಿನಲ್ಲಿ ಕಾದ ಹೊಗೆಕೊಳವೆ. ಎಣ್ಣೆ, ಅದರಲ್ಲಿ ಅದ್ದಿದ ಬತ್ತಿ, ಪಕ್ಕದಲ್ಲಿ ಶಾಖ. ಕಾವಲಿನುದ್ದಕ್ಕೂ ನಾನು ಡಾಕ್ಟರರನ್ನು ಒಂದು ದೊಡ್ಡ ದೀಪದ ಮೇಲೆ ಕೂರಿಸಿಕೊಂಡು ಬಂದಿದ್ದೆ. ಹಚ್ಚುವವರು ಸಿಕ್ಕಿದ್ದು ತಳಕಿನಲ್ಲಿ.

ಡಬ್ಬಿಯಲ್ಲಿ ಉಳಿದದ್ದು ಎರಡು ಚೊಂಬಿನಷ್ಟು. ಇಂಜಿನ್ ಆರಲು ಬಿಟ್ಟು ಡ್ರೈವರ್ ಅದನ್ನು ಒಳಗೆ ಹುಯ್ದ. ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಮುಲಾಮು ಹಚ್ಚಲು ಹೋದೆ. "ಇರಲಿ ಬಿಡ್ರಿ" ಎಂದು ಕೈ ಹಿಂದಕ್ಕೆಳೆದುಕೊಂಡ.

"ಆ ಪೆಟ್ಟಿಗೆಯಲ್ಲಿ ಏನಿದೆ?" ಎಂದರು ಡಾಕ್ಟರು.

"ತುಪ್ಪ, ಸ್ವಾಮಿ."

ಅವರು ಬೈಯಲಿಲ್ಲ. ಗಡಿಯಾರ ನೋಡಿಕೊಂಡರು. ಬೈದಿದ್ದರೆ ಇಷ್ಟು ವರ್ಷಗಳಲ್ಲಿ ಮರೆಯುತ್ತಿದ್ದೆನೋ ಏನೋ.

ಮೋಟಾರು ಕೊಂಡ್ಲಹಳ್ಳಿಯ ಹತ್ತಿರ ಎರಡು ಸಲ ಕೆಮ್ಮಿ ನಿಂತಿತು. ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ ರೈತ ಎತ್ತು ನಿಲ್ಲಿಸಿ ಬಂದ. "ಏನ್ ಸ್ವಾಮಿ, ನಿಮ್ಮ ಕುದುರಿ ಮಲಗಿತಲ್ಲ? ಹುಲ್ಲು ಹಾಕಿಸ್ಲೇನು?" ವಿಷಯ ಹೇಳಿದಾಗ ನಗು ನಿಲ್ಲಿಸಿ, ಊರಿಗೆ ಓಡಿ ಗಾಡಿ ಹೂಡಿಕೊಂಡು ಬಂದ. ಡ್ರೈವರನನ್ನು ಮೋಟಾರಿಗೆ ಕಾವಲಿಟ್ಟು, ಡಾಕ್ಟರು, ಕತ್ತರಿ ಚಾಕುಗಳ ಚೀಲ, ಎದೆಗೆ ಗಡಿಗೆ ಅವಚಿಕೊಂಡ ನಾನು ಗಾಡಿ ಹತ್ತಿದೆವು. ಎತ್ತುಗಳು ಎತ್ತುಗಳ ಹಾಗೆಯೇ ನಡೆದವು. ಕೆಳಗೆ ಕೀಲೆಣ್ಣೆಯ ಗೊಟ್ಟ ತೂಗಾಡುತ್ತಿತ್ತು. ಒಂದು ತೊಟ್ಟೂ ಸೋರಲಿಲ್ಲ.

ಮೊಳಕಾಲ್ಮೂರಿನ ಗುಡ್ಡದ ಬಂಡೆಗಳ ನೆರಳು ನೇಕಾರರ ಬೀದಿಯವರೆಗೆ ಚಾಚಿದಾಗ ತಲುಪಿದೆವು. ಭಾವ ಮಗ್ಗದ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದರು. ಕೈಯನ್ನು ಯಾರದೋ ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು.

"ಏಮಿರಾ ಬಾಮರ್ದಿ, ಮೋಟಾರು ಎಕ್ಕಡ?" ಎಂದು ಭಾವಮೈದನಾದ ನನ್ನನ್ನು ಮನೆಮಾತಿನ ತೆಲುಗಿನಲ್ಲಿ ಕೇಳಿದರು, ಮೋಟಾರು ಎಲ್ಲಿ ಅಂತ. "ಬರ್ತೈತೆ ಅಂತ ಬೀದಿಯೋರೆಲ್ಲ ಮಗ್ಗ ನಿಲ್ಲಿಸಿ ಕಾದ್ರಲ್ಲೋ."

ಡಾಕ್ಟರು ಕೈ ನೋಡಿದರು, ಆಮೇಲೆ ಕಿಟಕಿಯ ಬೆಳಕು ನೋಡಿದರು. ನನ್ನನ್ನು ನೋಡಲಿಲ್ಲ. "ಕೈ ಉಳಿಸ್ತೀನಿ. ಹೆಬ್ಬೆರಳು ಆಗೋದಿಲ್ಲ." ಕ್ಲೋರೋಫಾರ್ಮ್ ಹಿಡಿಯುವುದು ಕಾಂಪೌಂಡರನ ಕೆಲಸ, ಹಿಡಿದೆ. ಬಟ್ಟಲು ಹಿಡಿಯುವುದೂ ಅವನದೇ ಕೆಲಸ.

ಅಂದಿನಿಂದ ಯಾವ ಮೋಟಾರು ಕಂಡರೂ ನಾನು ಉಪದೇಶಕ್ಕೆ ನಿಲ್ಲುತ್ತಿದ್ದೆ. ಡಬ್ಬಿ ನೆಟ್ಟಗಿರಲಿ, ಹೊರಗಡೆ ಇರಲಿ, ಹೊಗೆಕೊಳವೆಯಿಂದ ದೂರವಿರಲಿ. ಅಲುಗದ ಹಾಗೆ ಪೆಟ್ಟಿಗೆಯಲ್ಲಿ ಬಿಗಿಯಪ್ಪಾ. ಬಾಯಿತನಕ ತುಂಬಬೇಡ, ಬಿಸಿಲಿಗೆ ಅದೂ ಉಬ್ಬುತ್ತದೆ. ಉಂಗುರವಿಲ್ಲದ ಮುಚ್ಚಳ ಮುಚ್ಚಳವಲ್ಲ, ಬಟ್ಟೆಯಂತೂ ಅಲ್ಲವೇ ಅಲ್ಲ. ಇಂಜಿನ್ ಆರದೆ ಹುಯ್ಯಬೇಡ. ಡ್ರೈವರುಗಳು ನನ್ನನ್ನು ಡಬ್ಬಿ ಕಾಂಪೌಂಡರು ಎಂದು ಕರೆಯತೊಡಗಿದರು. ಬಿರುದು ಅಂತ ಬಂದದ್ದು ಅದೊಂದೇ. ಬೇಡವೆನ್ನಲು ನನಗೆ ಮುಖವಿರಲಿಲ್ಲ.

ಅವತ್ತು ಗಾಯ ನೋಡಿಕೊಳ್ಳಲೆಂದು ಡಾಕ್ಟರು ನನ್ನನ್ನು ಭಾವನ ಮನೆಯಲ್ಲೇ ಬಿಟ್ಟು ಹೋಗಿದ್ದರು. ಮೂರನೆಯ ದಿನ ಭಾವನಿಗೆ ಹಸಿವಾಯಿತು. ಅಕ್ಕ ಬಿಸಿ ಅನ್ನ ಹಾಕಿಕೊಂಡು ಬಂದು ಗಡಿಗೆಯ ಎಲೆ ಬಿಚ್ಚಿದಳು.

"ಯಾಕೋ ಅವತ್ತು ಅಷ್ಟು ತಡ ಆತು?"

"ಎಣ್ಣೆ ಮುಗೀತಕ್ಕಾ" ಎಂದೆ. ಸುಳ್ಳಲ್ಲ. ಇವತ್ತಿನವರೆಗೂ ಆ ಮನೆಯಲ್ಲಿ ನಾನು ಹೇಳಿರುವುದು ಅಷ್ಟೇ.

ಅವಳು ಅನ್ನ ಕಲಸಿ ಗಂಡನ ಬಾಯಿಗೆ ತುತ್ತಿಟ್ಟಳು. ಅಂಚು ನೇಯುತ್ತಿದ್ದ ಮನುಷ್ಯ ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದರು. ಅಕ್ಕ ಗಡಿಗೆಯೊಳಗೆ ಇಣುಕಿ ನೋಡಿದಳು.

"ನೋಡ್ರಿ, ನನ್ನ ತಮ್ಮ ಎಷ್ಟು ಜ್ವಾಪಾನವಾಗಿ ತಂದಾನೆ. ಕಂಠದ ಮಟ್ಟ ಹಂಗೇ ಐತೆ. ನಿನಗೂ ಎರಡು ತುತ್ತು ಕಲಸ್ಲೇನೋ?"

ನನಗೆ ಹಸಿವಿಲ್ಲ ಎಂದೆ.