ಅಡ್ಮಿರಲ್‌ಗೆ ಈಜು ಕಲಿಸಿದ್ದು ನಾನಲ್ಲ

ಅಡ್ಮಿರಲ್ ಮುನಿರಾಜನಿಗೆ ಈಜು ಕಲಿಸಿದವನು ನಾನಲ್ಲ. ನನಗೆ ಈಜೇ ಬರುವುದಿಲ್ಲ — ಸೊಂಟದ ಮೇಲೆ ನೀರು ಬಂದರೆ ಮನೆದೇವರು ನೆನಪಾಗುತ್ತಾನೆ. ಕಲಿಸಿದವಳು ನನ್ನ ಅಕ್ಕ, ಚಂದ್ರಕ್ಕ. ಯಲ್ದೂರಿನ ಟೀ ಅಂಗಡಿಯಿಂದ ಕೋಲಾರದ ಸನ್ಮಾನ ಸಭೆಯವರೆಗೆ ಅವಳಿಗೆ ಸಲ್ಲಬೇಕಾದ ಹೆಸರನ್ನು ನಾನೇ ಉಂಡೆ. ಉಂಡು ತೇಗಿಯೂ ಬಿಟ್ಟೆ.

ನಮ್ಮ ಕಡೆ ಈಜು ಕಲಿಯುವುದೆಂದರೆ ತೋಟದ ಬಾವಿ, ಮತ್ತು ಬೆನ್ನಿಗೆ ಕಟ್ಟಿದ ಒಣ ಕತ್ತಾಳೆಯ ಬೆಂಡು. ಧೈರ್ಯ ಬಂದ ಹಾಗೆಲ್ಲ ಬೆಂಡನ್ನು ಕತ್ತರಿಸಿ ಚಿಕ್ಕದು ಮಾಡುತ್ತಾ ಹೋಗುತ್ತಾರೆ; ಒಂದು ದಿನ ಬೆಂಡೇ ಇರುವುದಿಲ್ಲ. ಗಂಡಸರು ಉಂಡು ಮಲಗಿದ ಮಧ್ಯಾಹ್ನಗಳಲ್ಲಿ ಅಕ್ಕ ಲಂಗ ಎತ್ತಿ ಕಟ್ಟಿ ನಮ್ಮ ಮಾವಿನ ತೋಪಿನ ಬಾವಿಗೆ ಧುಮುಕುತ್ತಿದ್ದಳು. ಪಕ್ಕದ ಮನೆಯ ಮುನಿರಾಜ ಮೆಟ್ಟಿಲ ಮೇಲೆ ನಿಂತು ನಡುಗುತ್ತಿದ್ದ. ನಾನು? ಮೇಲೆ ಕೂತು, ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ತಿನ್ನುತ್ತಾ, ಯಾರಾದರೂ ಬರುತ್ತಾರೋ ಎಂದು ಕಾವಲು ಕಾಯುತ್ತಿದ್ದೆ.

"ಬೀಳ್ಲಾ ನೀರಿಗೆ! ಬೆಂಡೈತೆ, ನಾನಿದೀನಿ, ಇನ್ನೇನು ಹಿಡ್ಕೊಳಕ್ಕೆ ಆನೆ ಬಾಲ ಬೇಕಾ ನಿಂಗೆ?" ಎಂದು ಅವಳು ಕೂಗಿದರೆ ಬಾವಿಯೆಲ್ಲ ಮೊಳಗುತ್ತಿತ್ತು.

ಆಗಲೇ ಅವಳಿಗೆ ರಾಯಲ್ಪಾಡಿನ ಸಂಬಂಧ ಕುದುರಿತ್ತು. ಹುಡುಗರ ಜೊತೆ ಬಾವಿಗೆ ಧುಮುಕುವ ಹೆಣ್ಣೆಂದರೆ ಅವರು ಒಪ್ಪಿಯಾರೇ — ಅದಕ್ಕೇ ನಮ್ಮಿಬ್ಬರಿಂದ ಆಣೆ ಹಾಕಿಸಿಕೊಂಡಳು. ಯಾರು ಕೇಳಿದರೂ ಮುನಿರಾಜನಿಗೆ ಕಲಿಸಿದ್ದು ಅವಳಲ್ಲ, ನಾನು ಎನ್ನಬೇಕು. ಅಲ್ಲಿಯವರೆಗಿನ ಸುಳ್ಳು ಅವಳು ಕೇಳಿದ್ದು. ಆಮೇಲಿನದು ನನ್ನದು.

ಮುನಿರಾಜ ನೌಕಾಪಡೆ ಸೇರಿದ. ಸಮುದ್ರದ ಗಾಳಿಯೂ ಸುಳಿಯದ ನಮ್ಮ ಸೀಮೆಯ ಹುಡುಗ ಲೆಫ್ಟಿನೆಂಟ್ ಆದ, ಕ್ಯಾಪ್ಟನ್ ಆದ, ದೊಡ್ಡ ಹಡಗೊಂದು ಅವನ ಮಾತಿನಂತೆ ತಿರುಗತೊಡಗಿತು. ಅವನಿಗೆ ಬಡ್ತಿ ಸಿಕ್ಕಾಗಲೆಲ್ಲ ನನ್ನ ಕಥೆಯ ಬಾವಿ ಇನ್ನಷ್ಟು ಆಳವಾಗುತ್ತಿತ್ತು. ಒಮ್ಮೆ ಅದರೊಳಕ್ಕೆ ಒಂದು ಹೆಬ್ಬಾವನ್ನೂ ಬಿಟ್ಟಿದ್ದೆ.

ಒಂದು ದಿನ ಅವನು ವಿಶಾಖಪಟ್ಟಣದಿಂದ ಫೋನ್ ಮಾಡಿದ. ಮನೆಯವರನ್ನು ಹಡಗಿನಲ್ಲಿ ಕೂರಿಸಿಕೊಂಡು ಒಂದು ದಿನ ಸಮುದ್ರ ತೋರಿಸುವ ವಾಡಿಕೆ ಅವರಲ್ಲಿದೆಯಂತೆ.

"ಚಂದ್ರಕ್ಕನ್ನ ಕರ್ಕೊಂಡು ಬಾರೋ. ಅವರ ಅತ್ತೇನೂ ತೀರ್ಕೊಂಡ್ರು, ಇನ್ಯಾರ ಭಯ? ಎಲ್ಲರ ಮುಂದೆ ಹೇಳ್ತೀನಿ, ಇವರೇ ನನ್ನ ಗುರು ಅಂತ."

ಎಲ್ಲರ ಮುಂದೆ — ಹಾಗಾದರೆ ನಾನು?

"ಅಕ್ಕನಿಗೆ ಇಷ್ಟ ಇಲ್ಲ ಕಣೋ," ಎಂದೆ. "ನನ್ನ ಹೆಸರು ಎತ್ಲೇಬೇಡಿ ಅಂದವ್ಳೆ."

ಅವಳನ್ನು ಕೇಳಿಯೇ ಇರಲಿಲ್ಲ. ಒಬ್ಬನೇ ಹೋದೆ. ಬಿಳಿ ಸಮವಸ್ತ್ರದವರು ಕುರ್ಚಿ ಹಾಕಿ ಕೂರಿಸಿದರು, ಬಿರಿಯಾನಿ ಬಡಿಸಿದರು. ದಡ ಮರೆಯಾಗುವ ಮೊದಲೇ ಅಷ್ಟನ್ನೂ ಸಮುದ್ರಕ್ಕೆ ಒಪ್ಪಿಸಿದೆ. ಹಿಂತಿರುಗಿ ಬಂದು ಅಕ್ಕನ ಕೈಗೆ ಒಂದು ಶಂಖ ಕೊಟ್ಟು, "ನನ್ನೊಬ್ಬನ್ನೇ ಕರೆದಿದ್ದ," ಎಂದೆ.

ಅವಳು ಅದನ್ನು ಸೆರಗಿನಲ್ಲಿ ಒರೆಸುತ್ತಾ, "ನನ್ನ ಮರ್ತೋಗವ್ನೆ ಬಿಡು. ದೊಡ್ಡೋನಾದ," ಎಂದಳು. ನಾನು ಹಡಗಿನ ಬಿರಿಯಾನಿಯ ಸುದ್ದಿ ಎತ್ತಿದೆ.

ಮೊನ್ನೆ ರಾಯಲ್ಪಾಡಿಗೆ ಹೋಗಿದ್ದೆ. ಅಕ್ಕ ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಿದ್ದಳು. ಟಿವಿಯಲ್ಲಿ ಯಾವುದೋ ಹಡಗು ಬಂತು. "ನಮ್ಮ ಮುನಿರಾಜಂದೂ ಇಷ್ಟು ದೊಡ್ಡದಿತ್ತೇನೋ?" ಎಂದು ಕೇಳಿದಳು. ಆ "ನಮ್ಮ" ಎಂಬ ಮಾತು... ಎಲ್ಲವನ್ನೂ ಹೇಳಿಬಿಟ್ಟೆ.

ಈಳಿಗೆಮಣೆಯ ಮೇಲಿನ ಕೈ ನಿಂತಿತು. "ಅವ್ನು ಕರ್ದಿದ್ನಾ?"

"ಕರೆದಿದ್ದ."

"ನನ್ನೆಸ್ರು ಹೇಳಿ ಕರ್ದಿದ್ನಾ?"

"ಹೂಂ."

ಅವಳ ಮುಖ ಅರಳಿತು. ಆ ನಗೆ ಮುನಿರಾಜನಿಗೆ. ಆಮೇಲೆ ನನ್ನ ಕಡೆ ತಿರುಗಿ, "ದೊಂಗ ಸಚ್ಚಿನೋಡಾ!" ಎಂದಳು — ಕಳ್ಳ, ಸತ್ತೋನೇ ಅಂತ. ಅಕ್ಕ ತೆಲುಗಿಗಿಳಿದಳೆಂದರೆ ನಿಜವಾಗಿ ನೊಂದಿದ್ದಾಳೆಂದೇ ಅರ್ಥ.

ಮುನಿರಾಜನಿಗೂ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ. ಅವನು, "ಫೋನ್ ಅಕ್ಕನಿಗೆ ಕೊಡು," ಎಂದ. ಇಬ್ಬರೂ ಅರ್ಧ ಗಂಟೆ ನಕ್ಕರು, ನಡುವೆ ಅವಳು ಅತ್ತಳು. ಅವನು ಅಡ್ಮಿರಲ್ ಹುದ್ದೆಯಿಂದ ನಿವೃತ್ತನಾಗಿ ವರ್ಷಗಳಾದವು, ಆ ಹಡಗನ್ನೂ ಒಡೆದುಹಾಕಿದ್ದಾರೆ. ಅವಳು ಏರಬೇಕಾಗಿದ್ದ ಹಡಗು ಇನ್ನಿಲ್ಲ. ಸಮುದ್ರವನ್ನು ಅವಳು ಇನ್ನೂ ನೋಡಿಲ್ಲ.

ನಿನ್ನೆ ಯಲ್ದೂರಿನ ಟೀ ಅಂಗಡಿಯಲ್ಲಿ ಎದ್ದು ನಿಂತು ನಿಜ ಹೇಳಿದೆ. ಅಂಗಡಿಯ ಕೃಷ್ಣಪ್ಪ ಕಣ್ಣೊರೆಸಿಕೊಂಡ. "ಅಣ್ಣಾ, ಎಂಥಾ ದೊಡ್ ಮನಸು ನಿಮ್ದು! ಅಕ್ಕನ ಮೇಲಿನ ಪ್ರೀತಿಗೆ ನಿಮ್ಮ ಹೆಸರನ್ನೇ ಬಿಟ್‌ಕೊಡ್ತೀರಲ್ಲಾ!" ಎಂದವನೇ ಟೀ ಜೊತೆ ಬನ್ ಕೂಡ ಕೊಟ್ಟ.

ಬನ್ ಹಿಂದಕ್ಕೆ ತಳ್ಳಿದೆ. ನಾಳೆ ಮತ್ತೆ ಹೋಗಿ ಹೇಳುತ್ತೇನೆ. ನಾಡಿದ್ದೂ ಹೇಳುತ್ತೇನೆ — ಒಬ್ಬನಾದರೂ ನನ್ನನ್ನು ಹೊಗಳದೆ, "ಥೂ, ಎಂಥಾ ತಮ್ಮನಯ್ಯಾ ನೀನು" ಎನ್ನುವವರೆಗೆ.