ಗಾಜಿನಕ್ಕ ಮೆಟ್ಟಿಲು ಹತ್ತಿದ ದಿನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಕಟ್ಟಡದ ಹಿಂಬಾಗಿಲಿನಿಂದ ಇಳಿದರೆ ನೆಲಮಾಳಿಗೆ. ಅದರ ಕೊನೆಯ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತು ಬರ್ನರ್ ಹೊತ್ತಿಸುತ್ತಿದ್ದಾರೆ. ಹಳದಿಯಾಗಿ ಅಲ್ಲಾಡುತ್ತಿದ್ದ ಉರಿ, ಆಮ್ಲಜನಕದ ತಿರುಪು ತಿರುಗಿಸಿದ ಕೂಡಲೇ ನೀಲಿಯಾಗಿ ನೆಟ್ಟಗೆ ನಿಲ್ಲುತ್ತದೆ. ಕೋಣೆಯ ದೀಪ ಹಾಕಿಲ್ಲ. ಗಾಜು ಎಷ್ಟು ಕಾದಿದೆ ಎಂಬುದನ್ನು ಅದರ ಬಣ್ಣದಿಂದಲೇ ತಿಳಿಯಬೇಕು, ಬಣ್ಣ ಕಾಣಬೇಕಾದರೆ ಸುತ್ತ ಮಬ್ಬಿರಬೇಕು. ಅದಕ್ಕೇ ಅವರು ಕಟ್ಟಡಕ್ಕೆ ಎಚ್ಚರವಾಗುವ ಮುನ್ನ ಬಂದು ಕೂರುತ್ತಾರೆ.

ಎರಡು ಕೈಯಲ್ಲಿ ಎರಡು ಗಾಜಿನ ಕೊಳವೆ. ಎರಡನ್ನೂ ಒಂದೇ ವೇಗದಲ್ಲಿ ಉರಿಯೊಳಗೆ ತಿರುಗಿಸುತ್ತಾರೆ. ತುದಿಗಳು ಪಾಕದ ಹಾಗೆ ಮೆತ್ತಗಾದಾಗ ಒಂದಕ್ಕೊಂದು ತಾಗಿಸಿ, ಬಾಯಲ್ಲಿ ಕಚ್ಚಿಕೊಂಡ ರಬ್ಬರ್ ನಳಿಕೆಯಿಂದ ಹಗುರವಾಗಿ ಊದುತ್ತಾರೆ. ಬೆಸುಗೆಯ ಗಂಟು ಉಬ್ಬುತ್ತದೆ, ಇಳಿಯುತ್ತದೆ, ಎಲ್ಲಿತ್ತೆಂದು ಹುಡುಕಿದರೂ ಸಿಗುವುದಿಲ್ಲ. ಊದುವಾಗ ಮಾತಿಲ್ಲ. ಇವರ ಬಗ್ಗೆ ಬರೆಯಲು ಬಂದ ನಾನು ಕೇಳಿದ ಪ್ರಶ್ನೆಗೆಲ್ಲ ಹುಬ್ಬಿನಲ್ಲೇ ಉತ್ತರ.

ಕಟ್ಟಡದ ಮಂದಿಗೆ ಇವರು ಗಾಜಿನಕ್ಕ. ಮೇಲಿನ ಮಹಡಿಗಳ ಸಂಶೋಧಕರು ಬಳಸುವ ಫ್ಲಾಸ್ಕು, ಕವಾಟ, ಸುರುಳಿ ಕೊಳವೆ, ಯಾವ ಅಂಗಡಿಯಲ್ಲೂ ಸಿಗದ ವಿಚಿತ್ರ ಪಾತ್ರೆಗಳು, ಎಲ್ಲವೂ ಇವರ ಉಸಿರಿನಿಂದ ಹುಟ್ಟಿದವು. ಒಡೆದರೆ ಮತ್ತೆ ಇಲ್ಲಿಗೇ ಬರುತ್ತವೆ. ದಿನಕ್ಕೆ ಹತ್ತು ಹದಿನೈದು ತುಂಡು ರಿಪೇರಿ, ವಾರಕ್ಕೆ ಎರಡೋ ಮೂರೋ ಹೊಸದು. ಬೆರಳುಗಳ ತುದಿ ನುಣುಪಾಗಿ ಸವೆದಿದೆ. ಮುಂಗೈ ತುಂಬ ಸುಟ್ಟ ಗುರುತು. ಚಳಿಗಾಲ ಬಂತೆಂದರೆ ಕೆಮ್ಮು. "ಕೆಮ್ಮು ಬಂದ್ರೆ ಊದೋಕಾಗಲ್ಲ, ಊದದೆ ಇದ್ರೆ ಕೆಮ್ಮು ಬರಲ್ಲ. ಎರಡರಲ್ಲಿ ಯಾವುದನ್ನ ಬಿಡ್ಲಿ ಹೇಳಿ?" ಎಂದು ನಗುತ್ತಾರೆ.

ಈ ವಿದ್ಯೆ ಅಪ್ಪನಿಂದ ಬಂದದ್ದು. ಅಂಗಡಿಗಳ ಹಣೆಯ ಮೇಲೆ ಕೆಂಪು ಹಸಿರಾಗಿ ಬೆಳಗುತ್ತಿದ್ದ ಬೋರ್ಡುಗಳ ಅಕ್ಷರಗಳನ್ನು ಅವರಪ್ಪ ಗಾಜಿನ ಕೊಳವೆ ಬಗ್ಗಿಸಿ ಬರೆಯುತ್ತಿದ್ದರು. ಆ ನಿಯಾನ್ ದೀಪಗಳ ಕಾಲ ಮುಗಿಯಿತು. ಗಾಜಿನಕ್ಕ ಇಲ್ಲಿ ಸಹಾಯಕಿಯಾಗಿ ಸೇರಿದರು, ಆಗ ಗಾಜು ಊದುತ್ತಿದ್ದ ಮೇಸ್ತ್ರಿ ನಿವೃತ್ತರಾದ ಮೇಲೆ ಸ್ಟೂಲು ಇವರದಾಯಿತು. ಅಂದಿನಿಂದ ಈ ನೆಲಮಾಳಿಗೆಯಿಂದ ಮೇಲೆ ಹೋದ ಪಾತ್ರೆಗಳಿಗೆ ಲೆಕ್ಕವಿಲ್ಲ. ಅವರು ಮಾತ್ರ ಮುಂಬಾಗಿಲಿನ ಮೆಟ್ಟಿಲು ಹತ್ತಿದವರಲ್ಲ. ಹತ್ತಬಾರದೆಂದು ಯಾರೂ ಹೇಳಿರಲಿಲ್ಲ, ಬನ್ನಿ ಎಂದೂ ಹೇಳಿರಲಿಲ್ಲ.

ಗಾಜಿನಕ್ಕನಿಗೆ ಈಗ ಬೇರೆಯದೇ ತಲೆಬಿಸಿ. ಮಗಳು ಪಿಯುಸಿ ಮುಗಿಸಿದ್ದಾಳೆ. ಮುಂದೆ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕೆಂಬುದು ಅವಳ ಹಟ. ಪದವಿಗೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು, ಇದೇ ವಿಶ್ವವಿದ್ಯಾಲಯ. ಇನ್ನೊಂದು, ಊರಿನ ಆ ತುದಿಯಲ್ಲಿರುವ ಸಣ್ಣ ಕಾಲೇಜು, ಆಚೆ ಊರಿನವರು ಹೆಸರೂ ಕೇಳಿರದಂಥದ್ದು. ಯಾವುದಕ್ಕೆ ಸೇರುತ್ತಾಳೆಂದು ಈ ವಾರದೊಳಗೆ ತಿಳಿಸಬೇಕು.

ಬೇರೆ ಮನೆಯಲ್ಲಾದರೆ ಇದು ಪ್ರಶ್ನೆಯೇ ಅಲ್ಲ. ಈ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕರೆ ಜನ ಬೀದಿಗೆಲ್ಲ ಸಿಹಿ ಹಂಚುತ್ತಾರೆ. ಗಾಜಿನಕ್ಕ ಮಾತ್ರ ಸಣ್ಣ ಕಾಲೇಜೇ ಆಗಲಿ ಎನ್ನುತ್ತಾರೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ; ಇವರು ಬೆಟ್ಟದ ಬುಡದಲ್ಲೇ ಕೂತವರು, ಕಲ್ಲು ಮುಳ್ಳು ಎಲ್ಲ ಗೊತ್ತು.

ಪ್ರತಿ ಶನಿವಾರ ಅವರು ಆ ಸಣ್ಣ ಕಾಲೇಜಿಗೂ ಹೋಗಿ ಒಡೆದದ್ದನ್ನು ಕೂಡಿಸಿ ಬರುತ್ತಾರೆ. ಅಲ್ಲೊಂದು ಪದ್ಧತಿಯಿದೆ. ಪಾತ್ರೆ ಒಡೆದವರೇ ಚೂರುಗಳನ್ನು ತರಬೇಕು, ಅದು ರಿಪೇರಿಯಾಗುವ ತನಕ ಪಕ್ಕದಲ್ಲಿ ನಿಲ್ಲಬೇಕು. ಅಟೆಂಡರ್ ಕೈಯಲ್ಲಿ ಕಳಿಸುವಂತಿಲ್ಲ. ಪದವಿಯ ಮೊದಲ ವರ್ಷದ ಮಕ್ಕಳೂ ಅಲ್ಲಿ ಪಾತ್ರೆ ಒಡೆಯುತ್ತಾರೆ, ಯಾಕೆಂದರೆ ಪಾತ್ರೆಗಳು ಅವರ ಕೈಗೆ ಸಿಗುತ್ತವೆ. ನಿಂತಿರುವಷ್ಟು ಹೊತ್ತು ಮೇಷ್ಟ್ರು ಬಂದು, ಏನು ಮಾಡಲು ಹೋಗಿ ಒಡೆಯಿತೆಂದು ವಿಚಾರಿಸುತ್ತಾರೆ. ಬೈಗುಳದಿಂದ ಶುರುವಾದ ಮಾತು ಎಷ್ಟೋ ಸಲ ಪಾಠದಲ್ಲಿ ಮುಗಿಯುತ್ತದೆ.

ಇಲ್ಲಿ, ಈ ದೊಡ್ಡ ಕಟ್ಟಡದಲ್ಲಿ, ಒಡೆದದ್ದು ಟ್ರೇಯಲ್ಲಿ ಬರುತ್ತದೆ, ಅಟೆಂಡರ್ ಇಟ್ಟು ಹೋಗುತ್ತಾನೆ. ಬೆಂಕಿ ಇರುವ ಜಾಗವೆಂದು ಪದವಿ ವಿದ್ಯಾರ್ಥಿಗಳಿಗೆ ನೆಲಮಾಳಿಗೆಗೆ ಪ್ರವೇಶವಿಲ್ಲ. ಸಂಶೋಧನೆಯ ಪ್ರಯೋಗಾಲಯಗಳಿಗೂ ಇಲ್ಲ. ಒಂದೊಂದು ತರಗತಿಯಲ್ಲಿ ಮುನ್ನೂರು ಮಕ್ಕಳು, ಹಿಂದಿನ ಸಾಲಿನವರಿಗೆ ಮೇಷ್ಟ್ರು ಹೆಬ್ಬೆರಳಷ್ಟು ಕಾಣುತ್ತಾರೆ. ತರಗತಿಯ ಒಳಗಿನ ಈ ಸಂಗತಿ ಗಾಜಿನಕ್ಕನಿಗೆ ತಿಳಿದದ್ದು ಮಗನಿಂದ.

ಮಗ ಇದೇ ಕಟ್ಟಡದ ಎರಡನೆಯ ಮಹಡಿಯಲ್ಲಿ ಮೂರು ವರ್ಷ ಓದಿದ. ತಾಯಿ ಮಗ ಒಂದೇ ಬಸ್ಸಿನಲ್ಲಿ ನಸುಕಿಗೇ ಬರುತ್ತಿದ್ದರು. ಇಳಿದ ಮೇಲೆ ಅವನು ಮುಂಬಾಗಿಲಿಗೆ, ಇವರು ಹಿಂಬಾಗಿಲಿಗೆ. ಇಬ್ಬರ ಡಬ್ಬಿಯಲ್ಲೂ ಒಂದೇ ಒಲೆಯ ಅಡುಗೆ, ಉಣ್ಣುವುದು ಬೇರೆ ಬೇರೆ ಮಹಡಿಯಲ್ಲಿ. ಹಿಂಬಾಗಿಲ ಬಳಿಯ ಪಡಸಾಲೆಯಲ್ಲಿ ಎದುರಾದರೆ ಅವನು ನೋಟಿಸ್ ಬೋರ್ಡ್ ಓದುತ್ತಿದ್ದ, ಇವರು ಟ್ರೇ ನೋಡಿಕೊಳ್ಳುತ್ತಿದ್ದರು. ಹೀಗೆ ಮಾಡೋಣವೆಂದು ಮೊದಲು ಹೇಳಿದವರು ತಾಯಿಯೇ.

"ಗಾಜು ಊದೋಳ ಮಗ ಅಂತ ಹುಡುಗರು ಆಡ್ಕೋಬಾರ್ದು ಅಂತಿತ್ತು. ಇನ್ನೊಂದು ಏನಂದ್ರೆ, ನಾಳೆ ಅವನು ಒಳ್ಳೆ ಮಾರ್ಕ್ಸ್ ತಗೊಂಡಾಗ ಅಮ್ಮನ ವಶೀಲಿ ಅಂತ ಯಾರೂ ಅನ್ಬಾರ್ದು. ಅವನ ಹೆಸರು ಅವನದ್ದೇ ಆಗಿರ್ಲಿ ಅಂದ್ಕೊಂಡೆ" ಎನ್ನುತ್ತಾರೆ ಗಾಜಿನಕ್ಕ. ಉರಿ ತಗ್ಗಿಸಿ, ಕನ್ನಡಕ ತೆಗೆದು, ಸೀರೆಯ ಸೆರಗಿನಿಂದ ಬಹಳ ಹೊತ್ತು ಒರೆಸುತ್ತಾರೆ.

ಮಗ ಒಳ್ಳೆಯ ಅಂಕಗಳನ್ನೇ ತೆಗೆದ. ಸಂಶೋಧನೆಗೆ ಅರ್ಜಿ ಹಾಕುವಾಗ, ಇವನನ್ನು ಹತ್ತಿರದಿಂದ ಬಲ್ಲ ಅಧ್ಯಾಪಕರ ಶಿಫಾರಸು ಪತ್ರ ಬೇಕೆಂದರು. ಬಲ್ಲವರು ಯಾರೂ ಇರಲಿಲ್ಲ. ಹಿರಿಯ ಪ್ರೊಫೆಸರ್ ಒಬ್ಬರ ಬಳಿ ಹೋದ. ಅವರು, ಈತ ತರಗತಿಗೆ ಹಾಜರಾಗಿದ್ದಾನೆ, ನಡತೆ ಚೆನ್ನಾಗಿದೆ, ಅಂಕಗಳು ತೃಪ್ತಿಕರ ಎಂದು ಬರೆದುಕೊಟ್ಟರು. ಅದರಲ್ಲಿ ಸುಳ್ಳಿರಲಿಲ್ಲ, ಉಪಯೋಗವೂ ಇರಲಿಲ್ಲ. ಅರ್ಜಿ ಹಾಕಿದ ಕಡೆಯಿಂದೆಲ್ಲ ಇಲ್ಲವೆಂಬ ಉತ್ತರ ಬಂತು. ಆ ಪ್ರೊಫೆಸರರ ಪ್ರಯೋಗಾಲಯದ ಒಂದೊಂದು ಪಾತ್ರೆಯನ್ನೂ ಊದಿದವರು ಗಾಜಿನಕ್ಕ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ಆಗಲೂ ಅವರು, ಅವನು ನನ್ನ ಮಗನೆಂದು ಪ್ರೊಫೆಸರರ ಬಳಿ ಬಾಯಿ ಬಿಡಲಿಲ್ಲ.

ಹಾಗೆಂದು ದೊಡ್ಡ ಹೆಸರು ಟೊಳ್ಳೆಂದು ಬರೆದರೆ ನಾನು ಸುಳ್ಳು ಬರೆದ ಹಾಗಾಗುತ್ತದೆ. ಮಗ ಈಗ ವಿಮಾ ಕಚೇರಿಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ಅಲ್ಲಿಯ ಸಂದರ್ಶನದಲ್ಲಿ, ಎಲ್ಲಿ ಓದಿದ್ದು ಎಂದು ಕೇಳಿದರಂತೆ, ಹೇಳಿದ, ಮುಂದೆ ಹೆಚ್ಚೇನೂ ಕೇಳಲಿಲ್ಲವಂತೆ. ಸಣ್ಣ ಕಾಲೇಜಿನಲ್ಲಿ ಓದಿದವರ ಪಾಡು ಇದಕ್ಕೆ ತಿರುಗುಮುರುಗು. ಅಲ್ಲಿ ಪದವಿ ಮುಗಿಸಿದ ಒಬ್ಬಳೇ ಒಬ್ಬಳು ಈಗ ಇದೇ ಕಟ್ಟಡದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಗಾಜಿನಕ್ಕನಲ್ಲಿಗೆ ಒಡೆದ ಪಾತ್ರೆಯನ್ನು ತಾನೇ ಹೊತ್ತು ತರುವವಳೂ ಅವಳೊಬ್ಬಳೇ, ಹಳೆಯ ಅಭ್ಯಾಸ ಬಿಟ್ಟಿಲ್ಲ.

ಅವಳನ್ನು ಕೇಳಿದೆ. ಮೊದಲ ಎರಡು ವರ್ಷ ಅವಳ ಅರ್ಜಿಯನ್ನು ಎಲ್ಲಿಯೂ ಪೂರ್ತಿ ಓದಿದಂತೆ ಕಾಣಲಿಲ್ಲವಂತೆ. "ನಮ್ಮ ಕಾಲೇಜಿನ ಹೆಸರು ಹೇಳಿದ್ರೆ, ಅದೆಲ್ಲಿದೆ ಅಂತ ಕೇಳೋರು. ಅದು ಹೇಳೋದ್ರಲ್ಲೇ ಟೈಮ್ ಮುಗಿದುಹೋಗೋದು" ಎಂದಳು. ಕೊನೆಗೆ ಅವಳ ಮೇಷ್ಟ್ರು, ಇವಳು ಯಾವ ಪ್ರಯೋಗ ಕೆಡಿಸಿದಳು, ಕೆಟ್ಟದ್ದನ್ನು ಹೇಗೆ ಸರಿಮಾಡಿದಳು ಎಂಬುದನ್ನೆಲ್ಲ ಬಿಡಿಸಿ ಎರಡು ಪುಟ ಬರೆದರು. ಯಾರೋ ಒಬ್ಬರು ಅದನ್ನು ಕೊನೆಯ ತನಕ ಓದಿದರು. ಆ ಒಬ್ಬರು ಓದದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದ್ದಕ್ಕೆ, ಅವಳು ಭುಜ ಕುಣಿಸಿದಳು.

ಅತ್ತ ದರಿ, ಇತ್ತ ಪುಲಿ. ಗಾಜಿನಕ್ಕನ ಮನೆಯಲ್ಲಿ ನಾಲ್ಕು ದಿನದಿಂದ ಇದೇ ಮಾತು. ಬಸ್ ಕಂಡಕ್ಟರ್ ಆಗಿರುವ ಗಂಡ ಮಾತ್ರ, ಯಾವ ಬಸ್ಸು ಹತ್ತಿದರೂ ಸೀಟು ಸಿಗುವುದು ಬಾಯಿ ಇದ್ದವರಿಗೇ, ನಿನ್ನ ಮಗನಿಗೆ ನೀನೇ ಬಾಯಿ ಹೊಲಿದು ಕಳಿಸಿದೆ ಎಂದು ಛೇಡಿಸುತ್ತಾರೆ. ಛೇಡಿಸಿದ ಮೇಲೆ ಹೆಂಡತಿಯ ಮುಖ ನೋಡಿ, ಎದ್ದುಹೋಗಿ ತಾವೇ ಚಹಾ ಮಾಡಿ ತರುತ್ತಾರೆ. ಅಣ್ಣ ಫೋನಿನಲ್ಲಿ ತಂಗಿಗೆ, ನಿನಗೆ ಸರಿ ಅನ್ನಿಸಿದ್ದು ಮಾಡು, ನನ್ನನ್ನು ನೋಡಿ ಹೆದರಬೇಡ ಎಂದಷ್ಟೇ ಹೇಳಿದ್ದಾನೆ.

ಗುರುವಾರ ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ಎರಡು ಕೋಣೆಯ ಮನೆ, ಕಿಟಕಿಯಲ್ಲಿ ತಾಯಿ ಊದಿದ ಬಣ್ಣದ ಬುಡ್ಡಿಗಳು. ಮಗಳು ಒಗೆದ ಬಟ್ಟೆ ಮಡಿಸುತ್ತಲೇ ತೀರ್ಮಾನ ಹೇಳಿದಳು. "ಅಣ್ಣನಿಗೆ ಆ ಹೆಸರು ಕೆಲಸ ಕೊಡಿಸ್ತು. ಸಣ್ಣ ಕಾಲೇಜಿನ ಆ ಅಕ್ಕನಿಗೆ ಅವಳನ್ನ ಬಲ್ಲ ಮೇಷ್ಟ್ರು ದಾರಿ ತೋರಿಸಿದ್ರು. ನನಗೆ ಎರಡೂ ಬೇಕು. ನಾನು ನಿನ್ನ ಕಟ್ಟಡಕ್ಕೇ ಬರ್ತೀನಮ್ಮ. ಆದ್ರೆ ಯಾರಾದ್ರೂ ಕೇಳಿದ್ರೆ ನಿನ್ನ ಮಗಳು ಅಂತ್ಲೇ ಹೇಳ್ತೀನಿ. ನೀನೂ ಹೇಳ್ಬೇಕು."

ತಾಯಿ ಅದು ವಶೀಲಿಯಾಗುವುದಿಲ್ಲವೇ ಎಂದು ಕೇಳಿದರು, ನನ್ನ ಕಡೆಯೂ ನೋಡಿದರು. ಪ್ರೊಫೆಸರ್‌ಗಳ ಮಕ್ಕಳು, ಅವರ ಅಕ್ಕಪಕ್ಕದ ಮನೆಯ ಮಕ್ಕಳು ಪ್ರಯೋಗಾಲಯದ ಬಾಗಿಲಲ್ಲಿ ನಿಂತಾಗ ಅದನ್ನು ಯಾರೂ ವಶೀಲಿ ಎನ್ನುವುದಿಲ್ಲ, ಪರಿಚಯ ಎನ್ನುತ್ತಾರೆ. ಆ ಪದ ನೆಲಮಾಳಿಗೆಗೆ ಇಳಿದಾಗ ಮಾತ್ರ ಬಣ್ಣ ಬದಲಿಸುತ್ತದೆ. ನನಗೆ ಸಿಟ್ಟು ಬಂದಿತ್ತು, ಇದನ್ನು ಹಾಗೇ ಹೇಳಿಬಿಟ್ಟೆ. ಗಾಜಿನಕ್ಕ, ಮಗಳು ಮಡಿಸಿದ ಬಟ್ಟೆಗಳನ್ನೇ ಇನ್ನೊಮ್ಮೆ ಮಡಿಸಿದರು.

ಮರುದಿನ ಬೆಳಿಗ್ಗೆ ಗಾಜಿನಕ್ಕ ಬರ್ನರ್ ಆರಿಸಿ, ಏಪ್ರನ್ ಬಿಚ್ಚಿ, ಕೈ ತೊಳೆಯುತ್ತಾರೆ. ಸುಟ್ಟ ಗುರುತು ಕಾಣದಂತೆ ಸೆರಗು ಹೊದೆಯಲು ಹೋಗುತ್ತಾರೆ, ಹಿಂಬಾಗಿಲಲ್ಲಿ ಕಾಯುತ್ತಿದ್ದ ಮಗಳು ಬಿಡುವುದಿಲ್ಲ. ಇಬ್ಬರೂ ಹೊರಗಿನಿಂದ ಸುತ್ತಿಬಂದು ಮುಂಬಾಗಿಲಿನ ಮೆಟ್ಟಿಲು ಹತ್ತುತ್ತಾರೆ, ಹಿಂದೆ ನಾನು. ಶಿಫಾರಸು ಪತ್ರ ಬರೆದುಕೊಟ್ಟಿದ್ದ ಆ ಹಿರಿಯ ಪ್ರೊಫೆಸರ್ ಕೋಣೆಯಲ್ಲೇ ಇದ್ದಾರೆ. ಬಾಗಿಲಲ್ಲಿ ಗಾಜಿನಕ್ಕನನ್ನು ಕಂಡು, ಏನಮ್ಮ, ಕೆಳಗೆ ಗ್ಯಾಸ್ ಮುಗೀತಾ ಎಂದು ಕೇಳುತ್ತಾರೆ.

ಅದಕ್ಕಲ್ಲ ಎನ್ನುತ್ತಾರೆ ಗಾಜಿನಕ್ಕ. ಇವಳು ನನ್ನ ಮಗಳು, ಇಲ್ಲಿ ಸೇರುತ್ತಿದ್ದಾಳೆ ಎಂದಾಗ ಪ್ರೊಫೆಸರ್ ಎದ್ದುನಿಂತು, ಸಂತೋಷದಿಂದಲೇ ಕುರ್ಚಿ ತೋರಿಸುತ್ತಾರೆ. ಯಾರೂ ಕೂರುವುದಿಲ್ಲ.

"ಇವಳ ಅಣ್ಣನೂ ಇಲ್ಲೇ ಓದಿದ್ದು ಸಾರ್. ಮೂರು ವರ್ಷ ನಿಮ್ಮ ಕ್ಲಾಸಲ್ಲಿ ಕೂತಿದ್ದ. ನೀವು ಅವನಿಗೆ ಲೆಟರ್ ಕೂಡ ಬರೆದುಕೊಟ್ಟಿದ್ರಿ."

ಪ್ರೊಫೆಸರ್ ಕನ್ನಡಕ ತೆಗೆದು ಯೋಚಿಸುತ್ತಾರೆ. ಒಳ್ಳೆಯ ಮನುಷ್ಯ, ನೆನಪಿದೆಯೆಂದು ನಟಿಸುವುದಿಲ್ಲ. "ಮುಖ ನೆನಪಾಗ್ತಿಲ್ಲಮ್ಮ. ನೀವೊಂದು ಮಾತು ಹೇಳ್ಬಾರ್ದಿತ್ತಾ? ನನ್ನ ಲ್ಯಾಬಿಗೇ ಕರ್ಕೋತಿದ್ನಲ್ಲ."

ಗಾಜಿನಕ್ಕ ಕುರ್ಚಿಯ ಬೆನ್ನನ್ನು ಹಿಡಿದುಕೊಳ್ಳುತ್ತಾರೆ. ಒಂದು ಮಾತು ಹೇಳಿದ್ದರೆ ಸಾಕಿತ್ತೆಂದು ಇಷ್ಟು ವರ್ಷ ತಾವೇ ತಮಗೆ ಹೇಳಿಕೊಂಡಿದ್ದನ್ನು ಮನೆಯ ಹೊರಗಿನವರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಮಗಳು ಅವರ ಬೆನ್ನ ಮೇಲೆ ಕೈ ಇಡುತ್ತಾಳೆ. ಅವರು ಮಗಳ ತೋಳು ಹಿಡಿದು, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಒಂದು ಹೆಜ್ಜೆ ಮುಂದಕ್ಕೆ ನಿಲ್ಲಿಸುತ್ತಾರೆ.

"ಮಾರ್ಕ್ಸ್ ಇವಳೇ ತಗೋತಾಳೆ ಸಾರ್, ಅದಕ್ಕೆ ನೀವು ಏನೂ ಮಾಡೋದು ಬೇಡ. ಇವಳ ಮುಖ ಒಂದು ನೆನಪಿಟ್ಕೊಳ್ಳಿ."