ಬಾಲ್ಕನಿಗೆ ಬರುವ ಬಿರುಗಾಳಿ ಯಾರದು?

ಸಿಂಗಪುರದ ಬೆಡೋಕ್‌ನ ಕಾಂಡೋ ಫ್ಲಾಟಿನಲ್ಲಿ ಮಗಳ ಜೊತೆಗಿದ್ದ ವರ್ಷಗಳಲ್ಲಿ ನನಗಿದ್ದ ಶತ್ರು ಒಂದೇ, ಪಶ್ಚಿಮದಿಂದ ನುಗ್ಗುವ ಬಿರುಗಾಳಿ. ಬಾಲ್ಕನಿಯಲ್ಲಿ ಒಣಹಾಕಿದ ಅರಳು ಸಂಡಿಗೆಯನ್ನು ಗಂಜಿ ಮಾಡಿಬಿಡುತ್ತಿತ್ತು. ಮಳೆಗೆ ಇಳಿಬಿಡಲು ಒಂದು ಬ್ಲೈಂಡ್ ಹಾಕಿಸೋಣವೆಂದರೆ ಬಿಲ್ಡಿಂಗ್ ಮ್ಯಾನೇಜರ್ ಒಪ್ಪಲಿಲ್ಲ.

“ಕೆನಾಟ್ ಲಾ, ಆಂಟಿ!”

ಬಾಲ್ಕನಿ ನಮ್ಮದಂತೆ, ಹೊರಗಿನಿಂದ ಅದು ಕಾಣುವ ಅಂದ ಬಿಲ್ಡಿಂಗಿನದಂತೆ. ಹಾಗಾದರೆ ಒಳಗೆ ನುಗ್ಗುವ ಮಳೆ ಯಾರದು ಎಂದು ಕೇಳಿದೆ.

“ಯುವರ್ಸ್, ಆಂಟಿ.”

ಜಗಳವಾಡಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಆದ್ದರಿಂದ ಒಂದು ಶನಿವಾರ ಬೆಳಿಗ್ಗೆ ಪಶ್ಚಿಮದ ಆಕಾಶ ಕಪ್ಪಾದದ್ದನ್ನು ನೋಡಿ, ಮ್ಯಾನೇಜರನ್ನು ವೆರಿ ಪೊಲೈಟ್ ಆಗಿ ಕಾಫಿಗೆ ಕರೆದೆ. ಬಾಲ್ಕನಿಯಲ್ಲಿ ಕೂರಿಸಿ, ಕುದಿಯುವ ಕಾಫಿ ತುಂಬಿದ ಸ್ಟೀಲ್ ಲೋಟ, ಬಟ್ಟಲು ಕೈಗಿಟ್ಟೆ. ಅಭ್ಯಾಸವಿಲ್ಲದವರು ಅದನ್ನು ಹಿಡಿದು ತಟ್ಟನೆ ಏಳಲಾರರು. ಗಾಳಿ ಬಂತು. ಮಳೆ ಅಡ್ಡಡ್ಡ ಹೊಡೆಯಿತು. ಕುಡಿದಷ್ಟೂ ಅವರ ಕಾಫಿ ಹೆಚ್ಚಾಗುತ್ತಿತ್ತು.

“ಅಮ್ಮಾ, ಒಳಗೆ ಕರಿಯಮ್ಮಾ!” ಎಂದು ಮಗಳು ಪಿಸುಗುಟ್ಟಿದಳು.

“ಇರೇ, ಪಾಪ, ಕಾಫಿ ಇನ್ನೂ ಮುಗಿದಿಲ್ಲ.”

ಮುಂದಿನ ವಾರವೇ ಪರ್ಮಿಷನ್ ಬಂತು, ಬ್ಲೈಂಡ್ ಬೂದು ಬಣ್ಣದ್ದೇ ಇರಬೇಕೆಂಬ ಕಂಡಿಷನ್ ಜೊತೆಗೆ. ಥ್ಯಾಂಕ್ಸ್ ಹೇಳಲು ಸಂಡಿಗೆ ಕರಿದು ಕಳಿಸಿದೆ. ಡಬ್ಬಿ ಖಾಲಿಯಾಗಿ ವಾಪಸ್ ಬಂತು. ಕಾಫಿಗೆ ಮಾತ್ರ, ಎಷ್ಟು ಕರೆದರೂ, ಅವರು ಮತ್ತೆ ಬರಲಿಲ್ಲ.